ಸಿಗ್ನಲ್‌ನಿಂದ ಹಾಜರಿ ಪುಸ್ತಕದವರೆಗೆ: ಬೀದಿ ಮಕ್ಕಳನ್ನು ಶಾಲೆಗೆ ಮುಟ್ಟಿಸುವ ಕೆಲಸದ ಕ್ರಮ

ಫುಟ್‌ಪಾತಿನ ಮೇಲೆ ಚಾಪೆ ಹಾಸಿ, 20 ಸ್ಲೇಟು ಹಂಚಿ, ಅ ಆ ಇ ಈ ಹೇಳಿಕೊಡುವುದು ಯಾರಿಗೂ ಕಷ್ಟವಿಲ್ಲ. ಮೊದಲ ಭಾನುವಾರ 25 ಮಕ್ಕಳು ಬರುತ್ತಾರೆ, ಎರಡನೆಯ ಭಾನುವಾರ 12. ನಾಲ್ಕನೆಯ ಭಾನುವಾರಕ್ಕೆ ಮಕ್ಕಳೂ ಇಲ್ಲ, ಸ್ಲೇಟೂ ಇಲ್ಲ. ಪಾಠ ಹಿಡಿಸಲಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ನಿಜವಾದ ಕಾರಣ ಬಹುತೇಕ ಸಲ ಗಡಿಯಾರದಲ್ಲಿದೆ: ಮಗು ದುಡಿಯುವ ಹೊತ್ತಿನಲ್ಲೇ ನೀವು ಪಾಠ ಇಟ್ಟುಕೊಂಡಿರುತ್ತೀರಿ.

ಗುರಿ ಏನೆಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಅಕ್ಷರ ಬಂದ ಮಾತ್ರಕ್ಕೆ ಬಡತನ ನೀಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದರ ಮೇಲೊಂದು ಕಸುಬಿನ ಪ್ರಮಾಣಪತ್ರ, ಇವೆರಡು ಕೈಗೆ ಬಂದಾಗ ಸಂಬಳದ ಕೆಲಸದ ಬಾಗಿಲು ತೆರೆಯುತ್ತದೆ. ಹಾಗಾಗಿ ಬೀದಿಯ ಪಾಠ ಎನ್ನುವುದು ಸೇತುವೆ ಮಾತ್ರ. 3ರಿಂದ 9 ತಿಂಗಳಲ್ಲಿ ಮಗುವನ್ನು ಹತ್ತಿರದ ಸರ್ಕಾರಿ ಶಾಲೆಗೆ ದಾಟಿಸಬೇಕು, ದಾಟಿಸಿದ ಮೇಲೆ ಒಂದು ಪೂರ್ತಿ ವರ್ಷ ಹಿಂದೆ ನಿಲ್ಲಬೇಕು. ಎರಡು ವರ್ಷ ಅದೇ ಚಾಪೆಯ ಮೇಲೆ ಅದೇ ಮಕ್ಕಳು ಕೂತಿದ್ದರೆ ಅದು ಯಶಸ್ಸಲ್ಲ. ಮುಂದೆ ಬರುವ ವಿವರಗಳು ಹೆಚ್ಚಾಗಿ ಬೆಂಗಳೂರಿನವು. ಹುಬ್ಬಳ್ಳಿ, ಮೈಸೂರು, ಕಲಬುರಗಿಯಲ್ಲಿ ಹೊತ್ತುಗಳು ಸ್ವಲ್ಪ ಬದಲಾಗಬಹುದು, ಕ್ರಮ ಬದಲಾಗದು.

ಯಾವ ಮಗು, ಯಾವ ದಾರಿ

ಬೀದಿ ಮಕ್ಕಳು ಎಂದು ಒಟ್ಟಿಗೆ ಕರೆದರೂ ಇಲ್ಲಿ ಮೂರು ಬಗೆ ಇದೆ. ಅಪ್ಪ ಅಮ್ಮನ ಜೊತೆ ಫುಟ್‌ಪಾತಿನಲ್ಲೋ ಫ್ಲೈಓವರ್ ಕೆಳಗೋ ಮಲಗುವವರು ಒಂದು ಬಗೆ. ಹಗಲಿಡೀ ಬೀದಿಯಲ್ಲಿ ದುಡಿದು ರಾತ್ರಿ ಜೋಪಡಿಗೆ ಮರಳುವವರು ಇನ್ನೊಂದು. ಮನೆ ಬಿಟ್ಟು ಬಂದು ಒಬ್ಬರೇ ಇರುವವರು ಮೂರನೆಯ ಬಗೆ. ಮೊದಲ ಎರಡು ಬಗೆಯ ಮಕ್ಕಳಿಗೆ ಈ ಲೇಖನದ ದಾರಿ ಹೊಂದುತ್ತದೆ.

ಮೂರನೆಯ ಬಗೆಯ ಮಗು ಮೆಜೆಸ್ಟಿಕ್‌ನಲ್ಲೋ ಯಶವಂತಪುರ ಸ್ಟೇಷನ್ನಿನಲ್ಲೋ ಕಂಡರೆ ಪಾಠದ ಮಾತೇ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪಾಲಕರಿಂದ ಬೇರೆಯಾದ ಮಗು ಕಂಡರೆ ತಿಳಿಸುವುದು 2015ರ ಬಾಲನ್ಯಾಯ ಕಾಯ್ದೆಯ 32ನೇ ಕಲಂ ಪ್ರಕಾರ ಕಡ್ಡಾಯ. ಆ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ‘ಒಂದು ರಾತ್ರಿ ನಮ್ಮ ಮನೆಯಲ್ಲೇ ಇರಲಿ’ ಎಂದು ಕರೆದುಕೊಂಡು ಹೋಗಬೇಡಿ. ಮನಸ್ಸು ಒಳ್ಳೆಯದಿರಬಹುದು, ಕಾನೂನು ಅದನ್ನು ಹಾಗೆ ನೋಡುವುದಿಲ್ಲ.

ಮೊದಲ 15 ದಿನ ಪುಸ್ತಕ ಮುಟ್ಟಬೇಡಿ

ಆ ಜಾಗಕ್ಕೆ ಬೆಳಗಿನ ಜಾವ, ಮಧ್ಯಾಹ್ನ, ಸಂಜೆ, ರಾತ್ರಿ ಹೀಗೆ ಬೇರೆಬೇರೆ ಹೊತ್ತಿಗೆ ಹೋಗಿ ಸುಮ್ಮನೆ ಮಾತಾಡಿಸಿ. ಹೋಗುವುದು ಇಬ್ಬರಿರಲಿ, ಒಬ್ಬರು ಹೆಂಗಸಿರಲಿ. ಮಕ್ಕಳು ಅಕ್ಕಾ, ಅಣ್ಣಾ ಎನ್ನುತ್ತಾರೆ, ಅನ್ನಲಿ. ಫೋಟೊ ತೆಗೆಯಬೇಡಿ. ರಕ್ಷಣೆ ಬೇಕಿರುವ ಮಗುವಿನ ಗುರುತು ಬಯಲು ಮಾಡುವುದನ್ನು ಅದೇ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಅದಕ್ಕಿಂತ ಮುಂಚೆ, ಕ್ಯಾಮೆರಾ ಕಂಡ ಕ್ಷಣ ತಾಯಂದಿರು ನಿಮ್ಮನ್ನು ಎನ್‌ಜಿಒದವರೋ ಪೊಲೀಸ್ ಕಡೆಯವರೋ ಎಂದು ಎರಡೇ ಖಾನೆಯಲ್ಲಿ ಹಾಕಿಬಿಡುತ್ತಾರೆ.

ಈ ಎರಡು ವಾರದಲ್ಲಿ ಕಂಡುಕೊಳ್ಳಬೇಕಾದ್ದು ದುಡಿಮೆಯ ಹೊತ್ತು. ಚಿಂದಿ ಆಯುವ ಮಕ್ಕಳು ಪೌರಕಾರ್ಮಿಕರು ಗುಡಿಸುವ ಮೊದಲೇ, ಬೆಳಗಿನ 4–5ಕ್ಕೆ, ಚೀಲ ಹೊತ್ತು ಹೊರಡುತ್ತಾರೆ. 10ರ ಸುಮಾರಿಗೆ ಮರಳಿ, ಬಾಟಲಿ, ರಟ್ಟು, ಕವರು ಬೇರೆಬೇರೆ ಮಾಡಿ ಗುಜರಿ ಅಂಗಡಿಗೆ ಹಾಕುತ್ತಾರೆ. ಅವರಿಗೆ ಮಧ್ಯಾಹ್ನ 2ರಿಂದ 4 ಬಿಡುವು. ಸಿಗ್ನಲ್‌ನಲ್ಲಿ ಪೆನ್ನು, ಬಲೂನು, ಟಿಶ್ಯೂ ಮಾರುವವರಿಗೆ ಟ್ರಾಫಿಕ್ಕೇ ಗಡಿಯಾರ: ಬೆಳಿಗ್ಗೆ 8.30ರಿಂದ 11, ಸಂಜೆ 5ರಿಂದ 9. ಅವರು ಸಿಗುವುದು 11.30ರಿಂದ 1.30ರ ನಡುವೆ. ಹೂ ಮಾರುವವರಿಗೆ ಸಂಜೆ ಮುಖ್ಯ, ಅದರಲ್ಲೂ ಮಂಗಳವಾರ, ಶುಕ್ರವಾರ. ಗುರುವಾರ ಸಾಯಿಬಾಬಾ ಮಂದಿರದ ಮುಂದೆ, ಶುಕ್ರವಾರ ಮಧ್ಯಾಹ್ನ ಮಸೀದಿಯ ಮುಂದೆ ಭಿಕ್ಷೆಗೆ ಕೂರುವ ಕುಟುಂಬಗಳಿಗೆ ಆ ದಿನ ಪಾಠ ಎಂದರೆ ನಗುತ್ತಾರೆ. ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಎಂಟು ವರ್ಷದ ಹುಡುಗಿ ಹಗಲಿಡೀ ತಮ್ಮನನ್ನು ಸೊಂಟದ ಮೇಲೆ ಹೊತ್ತಿರುತ್ತಾಳೆ. ಅವಳ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ, ಆದರೆ ಅವಳಿಗೆ ಬಿಡುವೂ ಇಲ್ಲ. ಬಟವಾಡೆ ಆಗುವ ಶನಿವಾರ ಸಂಜೆ ಅಲ್ಲಿಗೆ ಹೋಗಲೇಬೇಡಿ. ಯಾರೂ ಮಾತಿಗೆ ಸಿಗುವ ಸ್ಥಿತಿಯಲ್ಲಿ ಇರುವುದಿಲ್ಲ.

ಒಂದು 200 ಪುಟದ ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ ತೆಗೆಯಿರಿ. ಕರೆಯುವ ಹೆಸರು, ಯಾರ ಜೊತೆ ಇದೆ, ಮನೆಮಾತು, ಹಿಂದೆ ಶಾಲೆಗೆ ಹೋಗಿತ್ತೇ, ಯಾವ ಊರು, ಎಷ್ಟನೆಯ ತರಗತಿ, ದುಡಿದ ಕಾಸು ಯಾರ ಕೈ ಸೇರುತ್ತದೆ, ಅದಕ್ಕಿಂತ ಚಿಕ್ಕವರು ಎಷ್ಟು ಮಂದಿ. ಇಷ್ಟನ್ನೂ ಒಂದೇ ಸಲ ಕೇಳಿದರೆ ಜನಗಣತಿಯವರು ಬಂದ ಹಾಗಿರುತ್ತದೆ. ದಿನಕ್ಕೆ ಎರಡು ಸಂಗತಿ ತಿಳಿದರೆ ಸಾಕು. ನೋಟ್‌ಬುಕ್ ಬೀಗದಲ್ಲಿರಲಿ.

ತಾಯಿಯ ಜೊತೆ ಲೆಕ್ಕದ ಮಾತು

‘ಮಗೂನ ಯಾಕೆ ಶಾಲೆಗೆ ಕಳಿಸಲ್ಲ?’ ಎನ್ನುವ ಪ್ರಶ್ನೆಯಲ್ಲೇ ಬೈಗುಳವಿದೆ. ‘ಅಮ್ಮಾ, ಪಾಪು ಯಾವ ಹೊತ್ತಲ್ಲಿ ಬಿಡುವಾಗಿರ್ತಾಳೆ?’ ಎಂದು ಕೇಳಿ ನೋಡಿ, ಮಾತು ಮುಂದಕ್ಕೆ ಹೋಗುತ್ತದೆ. ‘ಓದಿದರೆ ಮುಂದೆ ದೊಡ್ಡ ಕೆಲಸ ಸಿಗುತ್ತೆ’ ಎಂಬುದು ಇವತ್ತಿನ ರಾತ್ರಿಯ ಅಕ್ಕಿಗೆ ಹಣ ಹೊಂದಿಸುವವರಿಗೆ ತಟ್ಟುವುದಿಲ್ಲ. ತಟ್ಟುವುದು ಎರಡು ಮಾತು. ಒಂದು, ಶಾಲೆಯಲ್ಲಿ ಹಾಲು, ಬಿಸಿಯೂಟ, 2024ರಿಂದ ವಾರಕ್ಕೆ 6 ದಿನ ಮೊಟ್ಟೆ (ತಿನ್ನದವರಿಗೆ ಬಾಳೆಹಣ್ಣು), ಜೊತೆಗೆ ಸಮವಸ್ತ್ರ, ಪುಸ್ತಕ, ಶೂ. ಇನ್ನೊಂದು, ತಾಯಿ ದುಡಿಯುವ ಹೊತ್ತಿನಲ್ಲಿ ಮಗಳು ಗೇಟಿರುವ ಜಾಗದಲ್ಲಿರುತ್ತಾಳೆ ಎಂಬ ನೆಮ್ಮದಿ. ಹೆಣ್ಣುಮಕ್ಕಳ ತಾಯಂದಿರ ಮುಖ ಈ ಎರಡನೆಯ ಮಾತಿಗೆ ಬದಲಾಗುವುದನ್ನು ನೀವೇ ನೋಡುತ್ತೀರಿ.

ಮಗು ದಿನಕ್ಕೆ ತರುವ ಹಣವನ್ನು ತಾಯಿಯ ಬಾಯಲ್ಲೇ ಹೇಳಿಸಿ, ಒಂದು ಊಟ ಉಳಿಯುವುದನ್ನು ಅದರ ಪಕ್ಕ ಇಟ್ಟು ಲೆಕ್ಕ ಮಾಡಿ. ನಷ್ಟ ಆಗಿಯೇ ಆಗುತ್ತದೆ, ಅದನ್ನು ಮುಚ್ಚಿಡಬೇಡಿ. ಭಿಕ್ಷೆ, ಸಿಗ್ನಲ್, ಚಿಂದಿ ಈ ಮೂರರಲ್ಲಿ ರಾಜಿಯಿಲ್ಲ ಎಂದು ಹೇಳಿ. ಆದರೆ ಶಾಲೆ ಮುಗಿದ ಮೇಲೆ ತಾಯಿಯ ಪಕ್ಕ ಕೂತು ಹೂ ಕಟ್ಟುವುದನ್ನು ಮೊದಲ ದಿನವೇ ಬಿಡಿಸಲು ಹೋದರೆ ಮಗುವೂ ಕೈಬಿಡುತ್ತದೆ. ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಶಾಲೆಯ ನಂತರ ನೆರವಾಗುವುದಕ್ಕೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ಅವಕಾಶ ಇಟ್ಟಿದೆ. ಆ ಅವಕಾಶ ದುರುಪಯೋಗವಾಗುತ್ತದೆ ಎಂಬ ಟೀಕೆ ಸರಿಯಾದದ್ದೇ. ಹಾಗಿದ್ದರೂ ಸಂಜೆ ಒಂದು ಗಂಟೆಯ ಹೂವಿಗಾಗಿ ಹಗಲಿನ ಆರು ಗಂಟೆಯ ಶಾಲೆಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಹಾಜರಾತಿಗೆ ಕಾಸು ಕೊಡಬೇಡಿ. ಕೊಟ್ಟರೆ ಮಗು ನಿಮ್ಮ ಪಾಠಕ್ಕೆ ಕೂಲಿಗೆ ಬಂದ ಹಾಗಾಗುತ್ತದೆ, ಕಾಸು ನಿಂತ ದಿನ ಅದೂ ನಿಲ್ಲುತ್ತದೆ. ಪಕ್ಕದ ಮರದ ಕೆಳಗಿನ ಕುಟುಂಬ ‘ನಮಗೆ ಯಾಕಿಲ್ಲ’ ಎಂದು ಜಗಳ ತೆಗೆಯುವುದು ಬೇರೆ.

ಕಂಕುಳಲ್ಲಿ ತಮ್ಮನಿರುವ ಹುಡುಗಿಗೆ ಮೊದಲು ತಮ್ಮನ ವ್ಯವಸ್ಥೆ ಆಗಬೇಕು. 3ರಿಂದ 6 ವರ್ಷದವರಾದರೆ ಅಂಗನವಾಡಿಗೆ ಸೇರಿಸಿ. ಅದಕ್ಕಿಂತ ಚಿಕ್ಕದಾದರೆ ಕಟ್ಟಡ ಸೈಟಿನಲ್ಲಿ ಶಿಶುಪಾಲನಾ ಕೊಠಡಿ ಕೇಳುವ ಹಕ್ಕಿದೆ: 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಸೈಟುಗಳಿಗೆ ಅದನ್ನು ವಿಧಿಸಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಅವುಗಳಲ್ಲೂ ಈ ವ್ಯವಸ್ಥೆ ಇದೆ. ಎರಡೂ ಆಗದಿದ್ದರೆ ತಮ್ಮನ ಸಮೇತ ಪಾಠಕ್ಕೆ ಬರಲು ಹೇಳಿ, ಅವನಿಗೊಂದು ಗಿಲಕಿ ಕೊಡಿ.

ಒಂದು ಎಚ್ಚರ. ‘ನಮ್ಮ ಕೈಲಿಲ್ಲ, ಮೇಸ್ತ್ರಿ ಕೇಳಬೇಕು’ ಎಂದು ತಾಯಿ ತಗ್ಗಿದ ದನಿಯಲ್ಲಿ ಹೇಳಿದರೆ ಮುಂಗಡದ ಸಾಲ ಇರಬಹುದು. ಆ ಸಾಲ ನೀವು ತೀರಿಸಲು ಹೋಗಬೇಡಿ. ನಾಳೆ ಇನ್ನೊಂದು ಮಗುವಿನ ಮೇಲೆ ಮುಂಗಡ ಕೊಡುತ್ತಾರೆ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವಿಷಯ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿ ಕಚೇರಿಗೋ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವನ್ನು ಭಿಕ್ಷೆಗೆ ಹಚ್ಚುವುದಕ್ಕೆ ಬಾಲನ್ಯಾಯ ಕಾಯ್ದೆಯ 76ನೇ ಕಲಂ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಹೇಳುತ್ತದೆ. ಆದರೆ ಅದನ್ನು ಬಡ ತಾಯಿಯನ್ನು ಹೆದರಿಸಲು ಬಳಸಿದಿರೋ, ಮರುದಿನ ಇಡೀ ಕುಟುಂಬ ಜಾಗ ಖಾಲಿ ಮಾಡಿರುತ್ತದೆ.

ಜಾಗ ಮತ್ತು ಸಾಮಾನು

ಮಕ್ಕಳಿರುವ ಜಾಗದಿಂದ 5 ನಿಮಿಷದ ನಡಿಗೆಯೊಳಗೆ, ರಸ್ತೆ ದಾಟದೆ ಬರುವಂತಿರಬೇಕು. ದೇವಸ್ಥಾನದ ಪ್ರಾಂಗಣ, ಸಮುದಾಯ ಭವನದ ಜಗಲಿ, ಶಾಲೆಯದೇ ಖಾಲಿ ಕೊಠಡಿ ಇವೆಲ್ಲ ಆಗುತ್ತವೆ. ಶಾಲೆಯ ಕೊಠಡಿ ಸಿಕ್ಕರೆ ಬಿಡಬೇಡಿ. ಆ ಗೇಟು ದಾಟುವ ಅಂಜಿಕೆ ಅಲ್ಲೇ ಅರ್ಧ ಕರಗುತ್ತದೆ. ನಾಲ್ಕು ಜನ ಕಾಣುವ ತೆರೆದ ಜಾಗವೇ ಇರಲಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಇರಬಾರದು. ಸ್ವಯಂಸೇವಕರ ಪೊಲೀಸ್ ಪರಿಶೀಲನೆ ಮಾಡಿಸಿ, ಪರಿಚಯದವರಾದರೂ ಸರಿ.

15 ಮಕ್ಕಳಿಗೆ 20 ಸ್ಲೇಟು, ಒಂದು ಪೆಟ್ಟಿಗೆ ಬಳಪ, 3 ಚಾಪೆ, ಸುತ್ತಿಡಬಹುದಾದ ಒಂದು ಕಪ್ಪು ಬಟ್ಟೆಯ ಬೋರ್ಡು, 20 ಲೀಟರಿನ ನೀರಿನ ಕ್ಯಾನು, ಒಂದು ಬಕೆಟ್ಟು, ಎರಡು ಸೋಪು, ಉಗುರು ಕತ್ತರಿ, ಬ್ಯಾಂಡೇಜು, ಹುಣಸೆಬೀಜ ಅಥವಾ ಕಡ್ಡಿ 200, ಆಟಕ್ಕೆ ಒಂದು ಹಗ್ಗ, ಒಂದು ಚೆಂಡು. ಎಲ್ಲ ಒಂದು ಟ್ರಂಕಿನಲ್ಲಿ ಹಿಡಿಸುತ್ತದೆ, ರಾತ್ರಿ ಅದನ್ನು ಹತ್ತಿರದ ಅಂಗಡಿಯವರಲ್ಲಿ ಇಡಿ. ಮೊದಲ ದಿನವೇ ಬ್ಯಾಗು, ಬಣ್ಣದ ಪೆನ್ಸಿಲು ಹಂಚಬೇಡಿ. ಸಂಜೆಗೆ ಮಾರಾಟವಾಗಿರುತ್ತವೆ, ತಪ್ಪು ಮಗುವಿನದಲ್ಲ. ಸ್ಲೇಟು ಇಲ್ಲೇ ಇರುವ ವಸ್ತು, ಪಾಠ ಮುಗಿದ ಮೇಲೆ ಎಣಿಸಿ ಒಳಗಿಡುವುದು ಎಂಬ ಪದ್ಧತಿ ಹಾಕಿ. ಎಣಿಸುವ ಕೆಲಸ ದಿನಕ್ಕೊಬ್ಬರದು.

ತಿಂಡಿ ಪಾಠದ ಕೊನೆಗಲ್ಲ, ಶುರುವಿಗೆ. ಹಸಿದ ಮಗುವಿನ ಕಣ್ಣು ಬಾಳೆಹಣ್ಣಿನ ಬುಟ್ಟಿಯ ಮೇಲಿರುತ್ತದೆಯೇ ಹೊರತು ಬೋರ್ಡಿನ ಮೇಲಲ್ಲ. ಒಂದು ಬಾಳೆಹಣ್ಣು, ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಸಾಕು. ಬಿಸ್ಕತ್ತಿನ ಪೊಟ್ಟಣ ಬೇಡ. ಒಡೆಯದ ಪೊಟ್ಟಣ ಅಂಗಡಿಗೆ ವಾಪಸು ಹೋಗುತ್ತದೆ.

ಪಾಠ

ಮೊದಲ ವಾರ 40 ನಿಮಿಷ ಮೀರಬೇಡಿ. ಮೂರನೆಯ ವಾರಕ್ಕೆ 90 ನಿಮಿಷಕ್ಕೆ ಏರಿಸಬಹುದು: ಕೈತೊಳೆದು ತಿನ್ನಲು 15, ಹಾಡಿಗೆ 10, ಓದಿಗೆ 25, ಲೆಕ್ಕಕ್ಕೆ 25, ಆಟಕ್ಕೆ 15.

ವಯಸ್ಸು ನೋಡಿ ಗುಂಪು ಮಾಡಬೇಡಿ, ಓದುವ ಮಟ್ಟ ನೋಡಿ ಮಾಡಿ. ಒಂದೊಂದು ಮಗುವನ್ನು ಪಕ್ಕಕ್ಕೆ ಕೂರಿಸಿ 5 ನಿಮಿಷದಲ್ಲಿ ಪರೀಕ್ಷಿಸಬಹುದು. ಒಂದು ಹಾಳೆಯಲ್ಲಿ 10 ಅಕ್ಷರ, 10 ಸರಳ ಪದ, ನಾಲ್ಕು ಸಾಲಿನ ಒಂದು ಭಾಗ, ಎಂಟು ಹತ್ತು ಸಾಲಿನ ಒಂದು ಕಥೆ. ನಾಲ್ಕು ಸಾಲಿನ ಭಾಗದಿಂದ ಶುರುಮಾಡಿ. ಬಂದರೆ ಕಥೆಗೆ ಏರಿಸಿ, ಬಾರದಿದ್ದರೆ ಪದಕ್ಕೆ, ಅಕ್ಷರಕ್ಕೆ ಇಳಿಯಿರಿ. ಐದನೆಯ ತರಗತಿವರೆಗೆ ಹೋಗಿ ಬಿಟ್ಟ 12 ವರ್ಷದವನೂ ಅಕ್ಷರದ ಗುಂಪಿಗೆ ಬೀಳಬಹುದು. ಅವನನ್ನು ಆರು ವರ್ಷದವರ ನಡುವೆ ಕೂರಿಸಿದರೆ ನಾಳೆ ಬರುವುದಿಲ್ಲ. ಅಂಥವರು ಮೂವರಿದ್ದರೂ ಬೇರೆ ಚಾಪೆ ಹಾಕಿ.

ಕನ್ನಡ ಓದಿಗೆ ಅ ಆ ಇ ಈ ಕ್ರಮದಿಂದ ಹೊರಟರೆ 50 ಅಕ್ಷರ ಮುಗಿಯುವ ತನಕ ಮಗು ಒಂದು ಪದವನ್ನೂ ಓದುವುದಿಲ್ಲ, ಅಷ್ಟು ದಿನ ಕಾಯುವ ವ್ಯವಧಾನ ಬೀದಿಯಲ್ಲಿಲ್ಲ. ನಮ್ಮ ಒಂದನೆಯ ತರಗತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರ ಗ ಸ ದ ಅ ಕ್ರಮ ಹಿಡಿಯಿರಿ. ಈ ಐದು ಅಕ್ಷರ ಬಂದ ದಿನವೇ ಸರ, ದರ, ರಸ, ಅಗಸ, ಅರಸ, ಗರಗಸ ಓದಿಸಬಹುದು. ಮುಂದಿನ ಜ ವ ಮ ಬ ನ ಸೇರಿದರೆ ಮರ, ಜನ, ದನ, ಬಸವ, ಗಮನ. ಹತ್ತೇ ಅಕ್ಷರ, ಹತ್ತಾರು ಪದ. ‘ಗರಗಸ’ ಎಂದು ತಾನಾಗಿ ಕೂಡಿಸಿ ಓದಿದ ಹುಡುಗ ಅದನ್ನೇ ದಿನವಿಡೀ ಕಂಡಕಂಡಲ್ಲಿ ಬಳಪದಲ್ಲಿ ಬರೆಯುತ್ತಾನೆ. ಬರೆಯಲಿ ಬಿಡಿ, ಫುಟ್‌ಪಾತು ದೊಡ್ಡದಿದೆ.

ಕಾಗುಣಿತದಲ್ಲಿ ಮೊದಲು ದೀರ್ಘ, ಆಮೇಲೆ ಗುಡಿಸು, ಕೊಂಬು. ಇಷ್ಟಕ್ಕೆ ದಿನಕ್ಕೆ 25 ನಿಮಿಷದ ಲೆಕ್ಕದಲ್ಲಿ ಸುಮಾರು ಎರಡು ತಿಂಗಳು ಇಟ್ಟುಕೊಳ್ಳಿ. ಮಕ್ಕಳು ಮುಗ್ಗರಿಸುವುದು ಒತ್ತಕ್ಷರದಲ್ಲಿ. ಸಜಾತಿ ಒತ್ತು ಮೊದಲು ಬರಲಿ: ಅಕ್ಕ, ಅಪ್ಪ, ಅಮ್ಮ, ಅಜ್ಜ, ಬಸ್ಸು, ಹಣ್ಣು. ಬಸ್ಸಿನ ಬೋರ್ಡನ್ನು ಮಕ್ಕಳು ನಂಬರಿನಿಂದ ಗುರುತಿಸುತ್ತಾರೆ, ಓದುವುದಿಲ್ಲ. ಅದನ್ನು ಓದು ಎಂದುಕೊಂಡು ಮೋಸಹೋಗಬೇಡಿ. ಬಂದ ಬಸ್ಸಿನ ನಂಬರನ್ನು ಕೈಯಲ್ಲಿ ಮುಚ್ಚಿದ ಹಾಗೆ, ಊರಿನ ಹೆಸರನ್ನಷ್ಟೇ ಸ್ಲೇಟಿನಲ್ಲಿ ಬರೆದು ಓದಿಸಿ ನೋಡಿ.

ಮನೆಮಾತು ತೆಲುಗು, ತಮಿಳು, ಉರ್ದು, ಲಂಬಾಣಿ, ಬಂಗಾಳಿ ಏನೂ ಇರಬಹುದು. ಬೀದಿಯ ಮಕ್ಕಳು ನಾಲ್ಕು ಭಾಷೆಯಲ್ಲಿ ವ್ಯಾಪಾರ ಮಾಡುತ್ತಾರೆ, ಆದರೆ ಆ ಕನ್ನಡ ‘ತಗೊಳ್ಳಿ ಸಾರ್, ಹತ್ತು ರೂಪಾಯಿ’ಗೆ ನಿಂತಿರುತ್ತದೆ. ಅವರಿಗೆ ಅಕ್ಷರಕ್ಕೆ ಮೊದಲು ಒಂದು ತಿಂಗಳು ಕಥೆ, ಹಾಡು, ಚಿತ್ರ ತೋರಿಸಿ ಮಾತು. ಹತ್ತಿರದಲ್ಲಿ ಸರ್ಕಾರಿ ಉರ್ದು ಅಥವಾ ತಮಿಳು ಶಾಲೆ ಇದ್ದು ಮನೆಯವರು ಅದನ್ನೇ ಬಯಸಿದರೆ ಅದಕ್ಕೇ ದಾಟಿಸಿ.

ಲೆಕ್ಕದ ಕಥೆ ಬೇರೆ. ಮಲ್ಲಿಗೆ ಮೊಳಕ್ಕೆ 30 ರೂಪಾಯಿಯಂತೆ 2 ಮೊಳ ಕೊಂಡು 100ರ ನೋಟು ಕೊಟ್ಟರೆ ಹುಡುಗಿ ಕಣ್ಣು ಮಿಟುಕಿಸುವುದರೊಳಗೆ 40 ವಾಪಸು ಕೊಡುತ್ತಾಳೆ. ಅದನ್ನೇ ಸ್ಲೇಟಿನ ಮೇಲೆ 100 − 60 ಎಂದು ಬರೆದರೆ ಸುಮ್ಮನಾಗುತ್ತಾಳೆ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರಿ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತ್ತು: ಮಾರುವ ಜಾಗದಲ್ಲಿ 100ಕ್ಕೆ 98 ಲೆಕ್ಕ ಸರಿ, ಅದೇ ಲೆಕ್ಕ ಹಾಳೆಯ ಮೇಲೆ ಬಂದಾಗ 37. ಹಾಗಾಗಿ ಇವರಿಗೆ ಲೆಕ್ಕ ಕಲಿಸಬೇಕಿಲ್ಲ, ತಲೆಯಲ್ಲಿರುವುದನ್ನು ಬರೆಯಲು ಕಲಿಸಬೇಕು.

52ರಲ್ಲಿ 37 ಕಳೆಯುವುದನ್ನೇ ತೆಗೆದುಕೊಳ್ಳಿ. ರಟ್ಟಿನಲ್ಲಿ ಕತ್ತರಿಸಿದ 10ರ ಐದು ನೋಟು, 1ರ ಎರಡು ನಾಣ್ಯ ಕೊಡಿ. ‘ನನಗೆ 37 ಕೊಡು’ ಎನ್ನಿ. ಮೂರು ನೋಟು ಕೊಡುತ್ತಾಳೆ, 7 ನಾಣ್ಯ ಅವಳಲ್ಲಿಲ್ಲ. ‘ಈಗೇನು ಮಾಡ್ತೀಯ?’ ‘ಚಿಲ್ಲರೆ ಮಾಡಿಸ್ತೀನಿ.’ ಒಂದು ನೋಟು ನಿಮಗೆ ಕೊಟ್ಟು 10 ನಾಣ್ಯ ತೆಗೆದುಕೊಳ್ಳುತ್ತಾಳೆ, ಈಗ ಅವಳ ಬಳಿ 12 ನಾಣ್ಯ. ಅದರಲ್ಲಿ 7 ಕೊಟ್ಟರೆ ಉಳಿದದ್ದು ಒಂದು ನೋಟು, 5 ನಾಣ್ಯ. ಈಗ ಅದನ್ನೇ ಸ್ಲೇಟಿನಲ್ಲಿ ಬರೆಸಿ: 5ನ್ನು ಹೊಡೆದು 4, 2ರ ಜಾಗದಲ್ಲಿ 12. ಶಾಲೆಯಲ್ಲಿ ಇದಕ್ಕೆ ‘ದಶಕದಿಂದ ಎರವಲು’ ಎನ್ನುತ್ತಾರೆ. ಚಿಲ್ಲರೆ ಮಾಡಿಸುವುದು ಎಂದು ತಿಳಿದ ಮಗುವಿಗೆ ಆ ದೊಡ್ಡ ಮಾತು ಹೆದರಿಸುವುದಿಲ್ಲ.

ಕೊನೆಯ ತಿಂಗಳಲ್ಲಿ ಶಾಲೆಯ ರೀತಿರಿವಾಜು ರೂಢಿ ಮಾಡಿಸಿ: ಹಾಜರಿ ಕೂಗಿದಾಗ ‘ಎಸ್ ಮಿಸ್’ ಎನ್ನುವುದು, ಶೌಚಕ್ಕೆ ಕೇಳಿ ಹೋಗುವುದು, 40 ನಿಮಿಷ ಒಂದೇ ಜಾಗದಲ್ಲಿ ಕೂರುವುದು, ನಾಡಗೀತೆಯ ಹೊತ್ತಿಗೆ ನಿಲ್ಲುವುದು. ಸಣ್ಣ ವಿಷಯ ಅನ್ನಿಸಬಹುದು. ಮೊದಲ ದಿನ ಮಗು ನಗೆಪಾಟಲಾಗುವುದು ಇಂಥದ್ದರಲ್ಲೇ.

ದಾಖಲಾತಿ

ಮುಖ್ಯ ಶಿಕ್ಷಕರನ್ನು ಭೇಟಿಯಾಗುವ ಮೊದಲು 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕು ಕಲಂ ನೆನಪಿಟ್ಟುಕೊಳ್ಳಿ. 4ನೇ ಕಲಂ: ಶಾಲೆಗೆ ಹೋಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಲ್ಲಿ ತುಂಬಬೇಕು, ಈ ತರಬೇತಿ 3 ತಿಂಗಳಿಂದ 2 ವರ್ಷದವರೆಗೆ ಇರಬಹುದು. 5ನೇ ಕಲಂ: ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. 14: ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ. 15: ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಆಧಾರ್ ಇಲ್ಲದ ಕಾರಣಕ್ಕೆ ಮಗುವಿನ ಪ್ರವೇಶ ತಡೆಯಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇವನ್ನು ಮೇಜಿನ ಮೇಲೆ ಕುಟ್ಟಿ ಹೇಳಬೇಡಿ. ಮುಖ್ಯ ಶಿಕ್ಷಕರ ಅಂಜಿಕೆಯೂ ನಿಜವೇ: ಹೆಸರು ಬರೆದುಕೊಂಡ ಮಗು ತಿಂಗಳಲ್ಲಿ ಮಾಯವಾದರೆ ಉತ್ತರ ಕೊಡಬೇಕಾದವರು ಅವರು. ‘ಮಗು ಬಾರದ ದಿನ ನಮಗೊಂದು ಮಿಸ್ಡ್ ಕಾಲ್ ಕೊಡಿ ಸರ್, ಕರೆತರುವ ಹೊಣೆ ನಮ್ಮದು’ ಎಂದು ಬರೆದುಕೊಟ್ಟರೆ ಅರ್ಧ ಕೆಲಸ ಆಯಿತು. ಅಷ್ಟಕ್ಕೂ ಒಪ್ಪದಿದ್ದರೆ ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ), ಅವರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ.

ಮಗು ಹಿಂದೆ ಕರ್ನಾಟಕದ ಯಾವುದಾದರೂ ಊರಿನಲ್ಲಿ ಓದಿದ್ದರೆ ಸ್ಯಾಟ್ಸ್ ಸಂಖ್ಯೆ (ರಾಜ್ಯದ ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ) ಇದ್ದೇ ಇರುತ್ತದೆ. ಹೊಸದಾಗಿ ಸೇರಿಸಿದರೆ ಒಂದೇ ಮಗು ಎರಡು ಕಡೆ ದಾಖಲಾಗಿ ಮುಂದೆ ತೊಡಕು. ಊರು ಯಾದಗಿರಿಯಾದರೂ ಅಲ್ಲಿನ ಹಳೆಯ ಶಾಲೆಗೆ ಒಂದು ಫೋನು ಮಾಡಿ ಸಂಖ್ಯೆ ಕೇಳುವುದು ಹತ್ತು ನಿಮಿಷದ ಕೆಲಸ.

ಜನ್ಮ ದಿನಾಂಕದ ವಿಷಯದಲ್ಲಿ ಅವಸರ ಬೇಡ. ಹಿಂದಿನ ತಲೆಮಾರಿನಲ್ಲಿ ಊರಿಗೆ ಊರೇ ಜೂನ್ 1ರಂದು ಹುಟ್ಟಿದ್ದು ನಮಗೆಲ್ಲ ಗೊತ್ತು. ಮೇಷ್ಟ್ರು ಬರೆದದ್ದೇ ಹುಟ್ಟು. ಇಂದು ಆ ತಪ್ಪು ದಿನಾಂಕ ಆಧಾರ್, ಅಂಕಪಟ್ಟಿ, ಬ್ಯಾಂಕು ಎಲ್ಲ ಕಡೆ ಹಿಂಬಾಲಿಸುತ್ತದೆ. ಹೆರಿಗೆ ಆದ ಆಸ್ಪತ್ರೆ ಅಥವಾ ದಾದಿಯ ದಾಖಲೆ, ಅಂಗನವಾಡಿ ದಾಖಲೆ, ಇವೆರಡೂ ಇಲ್ಲದಿದ್ದರೆ ಪಾಲಕರ ಘೋಷಣೆ, ಈ ಕ್ರಮದಲ್ಲಿ ಹೋಗಿ. ತಾಯಿಗೆ ತಾರೀಖು ನೆನಪಿರದಿದ್ದರೂ ‘ಊರ ಜಾತ್ರೆ ಆಗಿ ಒಂದು ವಾರಕ್ಕೆ’, ‘ದೊಡ್ಡವನು ನಡೆಯೋಕೆ ಕಲಿತ ವರ್ಷ’ ಎಂಬುದು ನೆನಪಿರುತ್ತದೆ. ಅಲ್ಲಿಂದ ತಿಂಗಳು, ವರ್ಷ ಹಿಡಿಯಿರಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ವಿದ್ಯಾರ್ಥಿವೇತನಕ್ಕೆ ಅದು ಬೇಕು, ಆದರೆ ಪ್ರವೇಶದ ನಂತರ ಮಾಡಿಸಿದರೂ ನಡೆಯುತ್ತದೆ. ತಂದೆ ಅಥವಾ ತಾಯಿ ಕಟ್ಟಡ ಕಾರ್ಮಿಕರಾಗಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಮಕ್ಕಳಿಗೆ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು.

ಮೊದಲ 90 ದಿನ

ಜನ ಕೈಬಿಡುವುದು ಇಲ್ಲೇ. ಪ್ರವೇಶದ ದಿನ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಮಗು ಮೂರನೆಯ ವಾರ ತಪ್ಪಿಸುತ್ತದೆ, ಎರಡನೆಯ ತಿಂಗಳು ನಿಲ್ಲುತ್ತದೆ.

ಒಂದೇ ಮಗುವನ್ನು ಒಂದು ತರಗತಿಗೆ ಕಳಿಸಬೇಡಿ, ಜೋಡಿ ಕಳಿಸಿ. ಮೊದಲ ತಿಂಗಳು ಬೆಳಿಗ್ಗೆ ಮಲಗುವ ಜಾಗದಿಂದ ಶಾಲೆಯ ಗೇಟಿನವರೆಗೆ ಯಾರಾದರೂ ಜೊತೆಗೆ ನಡೆಯಲಿ. 10.30ರೊಳಗೆ ಹಾಜರಿ ತಿಳಿಯಬೇಕು. ಗೈರಾದ ಮಗುವಿನ ಜಾಗಕ್ಕೆ ಅದೇ ದಿನ ಹೋಗಬೇಕು. ನಾಳೆಗೆ ಬಿಟ್ಟರೆ ಮೂರು ದಿನ, ಮೂರು ದಿನ ಬಿಟ್ಟರೆ ಮಗು ಹಳೆಯ ಸಿಗ್ನಲ್ಲಿಗೇ ಮರಳಿರುತ್ತದೆ.

ಗೈರಿನ ಕಾರಣಗಳು ಹೆಚ್ಚಾಗಿ ಮೈಗೆ ಸಂಬಂಧಿಸಿದವು. ‘ವಾಸನೆ ಬರ್ತಾನೆ’ ಎಂದು ಪಕ್ಕದವರು ಸರಿದು ಕೂತರೆ ಸಾಕು, ಹುಡುಗ ಮತ್ತೆ ಹೋಗುವುದಿಲ್ಲ. ಸ್ನಾನಕ್ಕೆ ಸುಲಭ ಶೌಚಾಲಯದವರ ಜೊತೆ ಮಾತಾಡಿಕೊಳ್ಳಿ. ಸಮವಸ್ತ್ರ ಒಂದೇ ಇದ್ದರೆ ಒಗೆದು ಒಣಗಿಸುವ ಜಾಗವೇ ಇಲ್ಲ, ಎರಡನೆಯ ಜೊತೆ ಬೇಕೇ ಬೇಕು. ಹೇನಿಗೆ ದಿನಾ ಹಣಿಗೆಯಲ್ಲಿ ಬಾಚುವುದರ ಜೊತೆಗೆ ಪರ್ಮೆಥ್ರಿನ್ ಲೋಷನ್ ಹಚ್ಚಿ, ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಮೊಟ್ಟೆಗಳು ಒಡೆದು ಮತ್ತೆ ಹೇನಾಗುತ್ತವೆ. ಕಜ್ಜಿಯಾದರೆ ಒಂದು ಮಗುವಿಗೆ ಮುಲಾಮು ಕೊಟ್ಟು ಪ್ರಯೋಜನವಿಲ್ಲ, ಒಟ್ಟಿಗೆ ಮಲಗುವ ಅಷ್ಟೂ ಜನ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಎರಡಕ್ಕೂ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತೋರಿಸಿಯೇ ಹಚ್ಚಿ. ಕಣ್ಣು, ಕಿವಿ ಪರೀಕ್ಷೆ ಮೊದಲ ತಿಂಗಳಲ್ಲೇ ಆಗಲಿ; ಬೋರ್ಡು ಕಾಣದವನನ್ನು ದಡ್ಡ ಎಂದುಬಿಡುವುದು ಸುಲಭ.

ತರಗತಿಯಲ್ಲಿ ತೂಕಡಿಸುವ ಮಗು ಸೋಮಾರಿಯಲ್ಲ, ಫ್ಲೈಓವರ್ ಕೆಳಗೆ ರಾತ್ರಿ 12ರ ಮೊದಲು ನಿದ್ದೆ ಬರುವುದಿಲ್ಲ. ಶಿಕ್ಷಕರಿಗೆ ಇದನ್ನು ಮೊದಲೇ ತಿಳಿಸಿ.

ಸಲ್ಯೂಷನ್ (ಪಂಕ್ಚರ್ ಹಾಕುವ ಅಂಟು) ಅಥವಾ ವೈಟ್ನರ್ ಮೂಸುವ ಚಟವಿದ್ದರೆ ಬಟ್ಟೆಯ ತುದಿಗೆ ಅದರ ವಾಸನೆ, ಮೂಗು ಬಾಯಿಯ ಸುತ್ತ ಗಾಯ, ಕೆಂಪು ಕಣ್ಣು ಕಾಣುತ್ತವೆ. ಮೂಸಿದ ಸ್ಥಿತಿಯಲ್ಲಿರುವಾಗ ಓಡಿಸಬೇಡಿ, ಹೆದರಿಸಬೇಡಿ. ಹೆದರಿ ಓಡಿದರೆ ಹೃದಯ ಬಡಿತ ತಪ್ಪಿ ಪ್ರಾಣಕ್ಕೇ ಅಪಾಯ. ತೆರೆದ ಗಾಳಿಯಲ್ಲಿ ಕೂರಿಸಿ, ಸುಧಾರಿಸಿದ ಮೇಲೆ ಮಾತು. ಚಿಕಿತ್ಸೆಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಚಟವಿರುವ ಮಗುವನ್ನು ಚಾಪೆಯಿಂದ ಎಬ್ಬಿಸಿ ಕಳಿಸಿದರೆ ಅದಕ್ಕೆ ಉಳಿಯುವುದು ಸಲ್ಯೂಷನ್ ಕೊಡುವವರ ಸಹವಾಸ ಮಾತ್ರ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ನೀವೇ ವಿಚಾರಣೆ ಮಾಡಬೇಡಿ, ಮಗುವಿನಿಂದ ಮತ್ತೆಮತ್ತೆ ಹೇಳಿಸಬೇಡಿ.

ಬೀದಿಯಲ್ಲಿ ಇರುವುದೇ ಅಪಾಯವಾದ ಮಕ್ಕಳಿಗೆ, ಮುಖ್ಯವಾಗಿ 10 ವರ್ಷ ದಾಟಿದ ಹುಡುಗಿಯರಿಗೆ, ವಸತಿ ಶಾಲೆ ನೋಡಿ. ಆರನೆಯ ತರಗತಿಯಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಹಾಗಾಗಿ ಐದನೆಯ ತರಗತಿಯಲ್ಲೇ ತಯಾರಿ. ಹಾಸ್ಟೆಲಿನ ಮೊದಲ ತಿಂಗಳು ತಾಯಿಯನ್ನು ಎರಡು ಸಲವಾದರೂ ಕರೆದೊಯ್ಯಿರಿ.

14 ತುಂಬಿದ ಮೇಲೆ

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14ಕ್ಕೆ, ಎಂಟನೆಯ ತರಗತಿಗೆ ಮುಗಿಯುತ್ತದೆ. ಹುಡುಗನಿಗೆ ಗ್ಯಾರೇಜು, ಹುಡುಗಿಗೆ ಮದುವೆ, ಎರಡೂ ಮಾತು ಸರಿಯಾಗಿ ಅದೇ ಬೇಸಿಗೆಯಲ್ಲಿ ಏಳುತ್ತವೆ. ಏಳನೆಯ ತರಗತಿಯಿಂದಲೇ ಮುಂದಿನ ಪ್ರೌಢಶಾಲೆಯ ಹೆಸರು ಮನೆಯವರ ಬಾಯಲ್ಲಿ ಬರುವಂತೆ ಮಾಡಿ. 14 ದಾಟಿ ಬಂದು, ಶಾಲೆಯ ಬೆಂಚು ಒಗ್ಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿ ಕಟ್ಟಬಹುದು. ವಿಷಯಗಳನ್ನು ಬಿಡಿಬಿಡಿಯಾಗಿ ಪಾಸು ಮಾಡಿಕೊಳ್ಳುವ ಅನುಕೂಲ ಅಲ್ಲಿದೆ. ವೈರ್‌ಮನ್, ವೆಲ್ಡರ್, ಪ್ಲಂಬರ್‌ನಂಥ ಕೆಲವು ಐಟಿಐ ವೃತ್ತಿಗಳಿಗೆ ಎಂಟನೆಯ ತರಗತಿ ಪಾಸಾದರೆ ಸಾಕು. ಆದರೂ ಹತ್ತು ಮುಗಿಸಿ ಹೋದವನಿಗೆ ಎಲೆಕ್ಟ್ರಿಷಿಯನ್, ಫಿಟ್ಟರ್ ಬಾಗಿಲೂ ತೆರೆದಿರುತ್ತದೆ. 10 ವರ್ಷ ದಾಟಿದ ಮಗು ತನ್ನದೇ ಉಳಿತಾಯ ಖಾತೆ ನಡೆಸಬಹುದು. ವಿದ್ಯಾರ್ಥಿವೇತನ ಆ ಖಾತೆಗೇ ಬರಲಿ, ಪಾಸ್‌ಬುಕ್ ಮಗುವಿನ ಬ್ಯಾಗಿನಲ್ಲಿರಲಿ.

ಊರು ಬಿಡುವ ದಿನ

ಯುಗಾದಿಗೋ ಜಾತ್ರೆಗೋ ಕುಟುಂಬ ಊರಿಗೆ ಹೊರಡುತ್ತದೆ, ಎಷ್ಟೋ ಸಲ ಅಲ್ಲೇ ಉಳಿಯುತ್ತದೆ, ಇಲ್ಲವೇ ಕೆಲಸ ಹುಡುಕಿ ಪುಣೆಗೋ ಗೋವಾಕ್ಕೋ ಹೋಗುತ್ತದೆ. ಫುಟ್‌ಪಾತು ತೆರವು ಮಾಡಿಸಿದರೆ ಒಂದೇ ರಾತ್ರಿಯಲ್ಲಿ ಜಾಗ ಬದಲು. ಇದನ್ನು ತಡೆಯಲಾಗದು, ಆದರೆ ಸಿದ್ಧವಾಗಿರಬಹುದು. ಪ್ರವೇಶವಾದ ವಾರವೇ ಅಂಗೈಯಗಲದ ಒಂದು ಕಾರ್ಡು ಮಾಡಿ ಲ್ಯಾಮಿನೇಟ್ ಮಾಡಿಸಿ: ಮಗುವಿನ ಹೆಸರು, ಸ್ಯಾಟ್ಸ್ ಸಂಖ್ಯೆ, ಶಾಲೆಯ ಹೆಸರು, ತರಗತಿ, ಮುಖ್ಯ ಶಿಕ್ಷಕರ ಫೋನು, ನಿಮ್ಮ ಫೋನು, 1098. ಒಂದು ಪ್ರತಿ ಮಗುವಿಗೆ, ಇನ್ನೊಂದು ತಾಯಿಗೆ. ಬಟ್ಟೆಗಂಟಿನಲ್ಲಿ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರು ಇರುತ್ತದಲ್ಲ, ಅದರೊಳಗೇ ಇಡಲು ಹೇಳಿ. ಗಂಟು ಕಟ್ಟುವಾಗ ಅವರು ಮರೆಯದೆ ತೆಗೆದುಕೊಳ್ಳುವುದು ಅದೊಂದನ್ನೇ.